ಪದೇ ಪದೇ ಬೋರ್ಡ್ ನೋಡುವ ಮಕ್ಕಳು

ಬೋರ್ಡ್ ನೋಡಿ ಬರೆಯುವಾಗ ಮಗು ಮತ್ತೆ ಮತ್ತೆ ತಲೆ ಎತ್ತುತ್ತದೆ ಅಂದ ಕೂಡಲೇ ಅದಕ್ಕೆ ನೆನಪಿನ ಶಕ್ತಿ ಕಡಿಮೆ ಅಂತ ಮನೆಯಲ್ಲೇ ತೀರ್ಮಾನ ಆಗಿರುತ್ತದೆ. ಕಣ್ಣು ಪರೀಕ್ಷೆಗೆ ಬರುವ ಎಷ್ಟೋ ಪೋಷಕರು ಬಾದಾಮಿ, ಬ್ರಾಹ್ಮಿ ಎಲ್ಲ ಮುಗಿಸಿಯೇ ನನ್ನ ಹತ್ತಿರ ಬರುತ್ತಾರೆ. ಆದರೆ ಪದೇ ಪದೇ ನೋಡುವುದು ದೊಡ್ಡವರೂ ಮಾಡುವ ಕೆಲಸವೇ.

ಕೈ ಚಾಚಿ ಹೆಬ್ಬೆರಳು ನೋಡಿ. ಆ ಉಗುರಿನಷ್ಟು ಜಾಗ ಮಾತ್ರ ನಮಗೆ ನಿಜವಾಗಿ ಸ್ಪಷ್ಟ, ಉಳಿದದ್ದು ಮಸುಕು. ಅದಕ್ಕೇ ಕಣ್ಣು ಸೆಕೆಂಡಿಗೆ ಸುಮಾರು 3 ಸಲ ಜಿಗಿಯುತ್ತಿರುತ್ತದೆ. ಒಂದು ಕಡೆ ನೋಡಿದ್ದನ್ನು ಇನ್ನೊಂದು ಕಡೆ ಹೋಗುವವರೆಗೆ ಹಿಡಿದಿಡುವುದು ದೃಶ್ಯದ ತಾತ್ಕಾಲಿಕ ನೆನಪು. ಇದು ತುಂಬಾ ಚಿಕ್ಕದು. 1997ರಲ್ಲಿ ಲಕ್ ಮತ್ತು ವೋಗೆಲ್ ಅನ್ನುವ ಸಂಶೋಧಕರು ಬಣ್ಣದ ಚೌಕಗಳನ್ನು ತೋರಿಸಿ ಅಳೆದಾಗ ದೊಡ್ಡವರಿಗೇ ಸುಮಾರು 4 ಮಾತ್ರ ನಿಂತವು.

ಇನ್ನೂ ಮಜಾ ಏನಂದ್ರೆ, ಆ ನಾಲ್ಕನ್ನೂ ನಾವು ಪೂರ್ತಿ ಬಳಸುವುದಿಲ್ಲ. ಅಮೆರಿಕದ ರೋಚೆಸ್ಟರ್‌ನಲ್ಲಿ ಬ್ಯಾಲಾರ್ಡ್, ಹೇಹೋ ಮತ್ತು ಪೆಲ್ಜ್ ಅವರು ಬಣ್ಣದ ತುಂಡುಗಳ ಒಂದು ಮಾದರಿ ತೋರಿಸಿ, ಹಾಗೆಯೇ ಜೋಡಿಸಿ ಅಂದರು. ಜನ ಬಹಳಷ್ಟು ಸಲ ಒಂದೊಂದು ತುಂಡಿಗೂ ಎರಡೆರಡು ಬಾರಿ ಮಾದರಿ ನೋಡಿದರು, ಒಮ್ಮೆ ಬಣ್ಣಕ್ಕೆ, ಇನ್ನೊಮ್ಮೆ ಜಾಗಕ್ಕೆ. ಮಾದರಿಯನ್ನು ದೂರ ಇಟ್ಟು, ನೋಡಲು ತಲೆಯನ್ನೇ ತಿರುಗಿಸಬೇಕಾದಾಗ ನೋಡುವುದು ಕಡಿಮೆಯಾಯಿತು, ನೆನಪಿನ ಬಳಕೆ ಜಾಸ್ತಿಯಾಯಿತು. ಅಂದರೆ ಮಿದುಳು ಪಕ್ಕಾ ಲೆಕ್ಕಾಚಾರದ ಆಸಾಮಿ: ನೋಡುವುದು ಅಗ್ಗವಾದರೆ ನೋಡುತ್ತದೆ, ದುಬಾರಿಯಾದರೆ ನೆನಪಿಡುತ್ತದೆ.

ಶಾಲೆಯ ಬೋರ್ಡ್ ದುಬಾರಿ ಕಡೆಯದು. ತಲೆ ಎತ್ತಬೇಕು, ಹತ್ತಿರದಿಂದ ದೂರಕ್ಕೆ ಫೋಕಸ್ ಬದಲಾಗಬೇಕು, ಬಿಟ್ಟ ಜಾಗ ಹುಡುಕಬೇಕು. ಹುಡುಕಲೂ ಅದೇ ನೆನಪೇ ಬೇಕು, ಯಾಕೆಂದರೆ ಕಣ್ಣಿನ ಜಿಗಿತ ಎಷ್ಟೋ ಸಲ ಗುರಿಯಿಂದ ಸ್ವಲ್ಪ ಆಚೀಚೆ ಬೀಳುತ್ತದೆ, ಆಗ ಸರಿಯಾದ ಪದ ಯಾವುದು ಅಂತ ಹೇಳುವುದು ಈಗಷ್ಟೇ ನೋಡಿದ್ದರ ನೆನಪು. ಓದಲು ಬರುವ ಮಗುವಿಗೆ ‘ಮಳೆಗಾಲ’ ಒಂದೇ ತುಂಡು, ಬಾಯಲ್ಲೇ ಹೇಳಿಕೊಂಡು ಬರೆದುಬಿಡುತ್ತದೆ. ಇಂಗ್ಲಿಷ್ ಇನ್ನೂ ಕೂಡಿ ಓದಲು ಬಾರದ ಮಗುವಿಗೆ ‘ಎನ್ವಿರಾನ್ಮೆಂಟ್’ (environment) ಅಂದರೆ ಹನ್ನೊಂದು ಬೇರೆ ಬೇರೆ ಚಿತ್ರಗಳು. ಮತ್ತೆ ಮತ್ತೆ ನೋಡದೆ ಇನ್ನೇನು ಮಾಡಬೇಕು, ಹೇಳಿ?

ಹಾಗಾಗಿ ಮೊದಲು ದೂರದ ದೃಷ್ಟಿ ಪರೀಕ್ಷೆ ಮಾಡಿಸಿ. ಆಮೇಲೆ ಬೋರ್ಡಿನಲ್ಲಿದ್ದದ್ದನ್ನೇ ಹಾಳೆಯಲ್ಲಿ ಬರೆದು ನೋಟ್‌ಬುಕ್ ಪಕ್ಕದಲ್ಲಿಡಿ. ಹತ್ತಿರದಿಂದ ಸಲೀಸಾಗಿ ಬರೆದರೆ ತೊಂದರೆ ಹೆಚ್ಚಾಗಿ ದೂರದ್ದು, ಕನ್ನಡಕವೋ ಕೂರುವ ಜಾಗವೋ ನೋಡಿ. ಅಲ್ಲೂ ಅಕ್ಷರ ಅಕ್ಷರಕ್ಕೆ ನಿಂತರೆ, ಅದೇ ಪದಗಳನ್ನು ಜೋರಾಗಿ ಓದಿಸಿ. ಓದುವಾಗಲೂ ತಡವರಿಸಿದರೆ ಓದು ಕಲಿಸುವವರ ಹತ್ತಿರ ಹೋಗಿ, ಟಾನಿಕ್ ಅಂಗಡಿಗಲ್ಲ.