ಇತಿಹಾಸಕಾರರ ಉಲ್ಲೇಖಗಳನ್ನು ಎಣಿಸುವ ಬಗೆ

ದಾವಣಗೆರೆ, ಚಿತ್ರದುರ್ಗದ ಕಾಲೇಜುಗಳ ಇತಿಹಾಸ ಅಧ್ಯಾಪಕರು ಬಡ್ತಿಯ ಅರ್ಜಿ ಹಿಡಿದು ಗ್ರಂಥಾಲಯಕ್ಕೆ ಬಂದಾಗ ಸಾಮಾನ್ಯವಾಗಿ ಮೊದಲು ಕೇಳುವುದು, ‘ನನ್ನ ಎಚ್-ಇಂಡೆಕ್ಸ್ ಎಷ್ಟಿದೆ ನೋಡಿ ಸರ್’ ಎಂದು. ಗ್ರಂಥಪಾಲಕನಾದ ನನಗೆ ಆ ಸಂಖ್ಯೆಯನ್ನು ತೆಗೆದುಕೊಡುವುದು ಕಷ್ಟವೇನಲ್ಲ. ಆದರೆ ಕನ್ನಡದಲ್ಲಿ ಬರೆಯುವ ಇತಿಹಾಸಕಾರರೊಬ್ಬರ ವಿದ್ವತ್ತನ್ನು ಅದೊಂದರಿಂದಲೇ ಅಳೆಯುವುದನ್ನು ನಾನು ಒಪ್ಪಲಾರೆ.

ಒಬ್ಬರ ಬರಹಗಳನ್ನು ಬೇರೆಯವರು ಎಷ್ಟು ಬಾರಿ ಉಲ್ಲೇಖಿಸಿದ್ದಾರೆ ಎಂಬುದನ್ನು ಆಧರಿಸಿದ ಈ ಸೂಚ್ಯಂಕವನ್ನು 2005ರಲ್ಲಿ ರೂಪಿಸಿದವರು ಭೌತವಿಜ್ಞಾನಿ ಜಾರ್ಜ್ ಹಿರ್ಶ್. ಒಬ್ಬರ ಐದು ಪ್ರಕಟಣೆಗಳು ತಲಾ ಐದು ಅಥವಾ ಹೆಚ್ಚು ಬಾರಿ ಉಲ್ಲೇಖಗೊಂಡಿದ್ದು, ಆರು ಪ್ರಕಟಣೆಗಳಿಗೆ ತಲಾ ಆರು ಸಿಗದಿದ್ದರೆ ಅವರ ಸೂಚ್ಯಂಕ 5. ಮೇಲಿಂದ ಮೇಲೆ ಸಣ್ಣ ಪ್ರಬಂಧಗಳನ್ನು ಪ್ರಕಟಿಸುವ ಶಾಸ್ತ್ರಗಳಿಗೆ ಇದು ಹೊಂದುತ್ತದೆ. ಇತಿಹಾಸಕಾರರು ಹತ್ತು ವರ್ಷ ದುಡಿದು ಒಂದು ಗ್ರಂಥ ಬರೆಯುತ್ತಾರೆ. ಆ ಗ್ರಂಥಕ್ಕೆ 200 ಉಲ್ಲೇಖಗಳು, ಉಳಿದ ಎರಡು ಲೇಖನಗಳಿಗೆ ಮೂರು ಮತ್ತು ಒಂದು ಉಲ್ಲೇಖ ದೊರೆತಿವೆ ಎಂದುಕೊಂಡರೆ ಅವರ ಸೂಚ್ಯಂಕ ಕೇವಲ 2. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮಾವಳಿಯಲ್ಲಿಯೂ ಮಾನವಿಕ ವಿಷಯದ ಒಂದು ಪ್ರಬಂಧಕ್ಕೆ 10 ಅಂಕ, ರಾಷ್ಟ್ರೀಯ ಪ್ರಕಾಶಕರು ಹೊರತಂದ ಒಂದು ಗ್ರಂಥಕ್ಕೂ 10 ಅಂಕ ಇರುವುದು ನನಗೆ ನ್ಯಾಯವೆನಿಸುವುದಿಲ್ಲ.

ಕಾಲದ ಲೆಕ್ಕವೂ ಹೀಗೆಯೇ ತಪ್ಪುತ್ತದೆ. ಸಂಶೋಧನಾ ಪತ್ರಿಕೆಗಳನ್ನು ಅಳೆಯುವ ಇಂಪ್ಯಾಕ್ಟ್ ಫ್ಯಾಕ್ಟರ್ ಹಿಂದಿನ ಎರಡು ವರ್ಷಗಳ ಲೇಖನಗಳಿಗೆ ಈ ವರ್ಷ ಬಂದ ಉಲ್ಲೇಖಗಳನ್ನಷ್ಟೇ ನೋಡುತ್ತದೆ. ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳಲ್ಲಿ ನಡೆಸಿದ ಉತ್ಖನನದ ವರದಿಯಾದರೋ ಇಂದಿಗೂ ಅಡಿಟಿಪ್ಪಣಿಗಳಲ್ಲಿ ಕಾಣಿಸಿಕೊಳ್ಳುತ್ತಿದೆ. ಚಂದ್ರವಳ್ಳಿಯ ಬಂಡೆಯ ಮೇಲಿರುವ ಕದಂಬ ದೊರೆ ಮಯೂರಶರ್ಮನ ಶಾಸನದ ವಿಷಯ ಇನ್ನೂ ಸೂಕ್ಷ್ಮವಾದುದು. ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅವರು ಪ್ರಕಟಿಸಿದ ಪಾಠವನ್ನು ನಂತರದ ವಿದ್ವಾಂಸರಲ್ಲಿ ಕೆಲವರು ಒಪ್ಪದೆ, ಬೇರೆ ರೀತಿಯಲ್ಲಿ ಓದಿದ್ದಾರೆ. ಒಪ್ಪಿದವರ ಅಡಿಟಿಪ್ಪಣಿಯೂ ಅಲ್ಲಗಳೆದವರ ಅಡಿಟಿಪ್ಪಣಿಯೂ ಎಣಿಕೆಯಲ್ಲಿ ಒಂದೊಂದು ಉಲ್ಲೇಖವೇ ಆಗುತ್ತವೆ. ಒಂದು ಅಕ್ಷರದ ಓದು ಬದಲಾದರೆ ರಾಜಕೀಯ ಚರಿತ್ರೆಯ ಎಷ್ಟು ಭಾಗ ಬದಲಾಗುತ್ತದೆ ಎಂಬುದು ಆ ಎಣಿಕೆಗೆ ತಿಳಿಯದು.

ಇನ್ನು ಎಣಿಕೆಗೇ ಸಿಗದ ಬರಹಗಳ ಮಾತು. ನಮ್ಮ ಭಾಗದ ಸಂಶೋಧಕರ ಒಳ್ಳೆಯ ಲೇಖನಗಳು ‘ಇತಿಹಾಸ ದರ್ಶನ’ದಂತಹ ವಾರ್ಷಿಕ ಸಂಪುಟಗಳಲ್ಲಿ, ಅಭಿನಂದನ ಗ್ರಂಥಗಳಲ್ಲಿ, ಜಾತ್ರೆ–ಸಮ್ಮೇಳನಗಳ ಸ್ಮರಣ ಸಂಚಿಕೆಗಳಲ್ಲಿ ಇವೆ. ಉಲ್ಲೇಖಗಳನ್ನು ಎಣಿಸುವ ದತ್ತಾಂಶಕೋಶವಾದ ಸ್ಕೋಪಸ್‌ನಲ್ಲಿ ಇಂತಹವನ್ನು ಹುಡುಕಿ ಪ್ರಯೋಜನವಿಲ್ಲ. ಪಿಎಚ್.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರ ಶೋಧಗಂಗಾದಲ್ಲಿರುವ ಕನ್ನಡ ಮಹಾಪ್ರಬಂಧಗಳಲ್ಲಿ ಬಹಳಷ್ಟು ಸ್ಕ್ಯಾನ್ ಮಾಡಿದ ಚಿತ್ರಗಳಾಗಿರುವುದರಿಂದ, ಅವುಗಳ ಗ್ರಂಥಋಣದಲ್ಲಿ ಒಬ್ಬರ ಹೆಸರು ಎಷ್ಟು ಸಲ ಬಂದಿದ್ದರೂ ಯಂತ್ರ ಅದನ್ನು ಓದುವುದಿಲ್ಲ. ಒಬ್ಬರೇ ಲೇಖಕರ ಹೆಸರು ಒಂದು ಕಡೆ ಇನಿಷಿಯಲ್ ಮುಂದಾಗಿ, ಮತ್ತೊಂದು ಕಡೆ ಹಿಂದಾಗಿ, ಇನ್ನೊಂದು ಕಡೆ ಊರಿನ ಹೆಸರಿನೊಡನೆ ಅಚ್ಚಾಗಿದ್ದರೆ ಮೂವರು ಲೇಖಕರಾಗಿಬಿಡುತ್ತಾರೆ. ಲೇಖಕರೊಬ್ಬರನ್ನು ಗುರುತಿಸುವ 16 ಅಂಕಿಗಳ ಆರ್ಕಿಡ್ (ORCID) ಸಂಖ್ಯೆಯನ್ನು ಮೊದಲೇ ಮಾಡಿಸಿಕೊಳ್ಳಿ ಎಂದು ಕಿರಿಯರಿಗೆ ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಶಾಸನ ಆಧರಿಸಿ ಬರೆಯುವವರ ರೂಢಿಯೊಂದು ಸಹೋದ್ಯೋಗಿಗಳಿಗೆ ಅನ್ಯಾಯ ಮಾಡುತ್ತಿದೆ. ದಾವಣಗೆರೆ, ಹರಿಹರ, ಜಗಳೂರಿನ ಶಾಸನಗಳಿಗೆ ಶಾಸನ ಸಂಪುಟಗಳ ಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕಾದ ಚಿತ್ರದುರ್ಗ ಸಂಪುಟವನ್ನು, ಹೊನ್ನಾಳಿ, ಚನ್ನಗಿರಿಯವಕ್ಕೆ ಶಿವಮೊಗ್ಗ ಸಂಪುಟವನ್ನು ನೋಡಿ, ಶಾಸನದ ಸಂಖ್ಯೆಯನ್ನಷ್ಟೇ ಕೊಟ್ಟು ಮುಂದೆ ಹೋಗುತ್ತಾರೆ. ಆ ಶಾಸನವನ್ನು ಮರು ಓದಿ ತಿದ್ದಿದ ವಿದ್ವಾಂಸರ ಲೇಖನವನ್ನು ಬಳಸಿಕೊಂಡಿದ್ದರೂ ಅವರ ಹೆಸರು ಅಡಿಟಿಪ್ಪಣಿಯಲ್ಲಿ ಇರುವುದಿಲ್ಲ. ಸಂಪುಟದ ಜೊತೆಗೆ ಮರು ಓದನ್ನೂ ಪುಟಸಂಖ್ಯೆ ಸಹಿತ ನಮೂದಿಸಬೇಕು.

ಆದ್ದರಿಂದ ಅಧ್ಯಾಪಕರಿಗೆ ದತ್ತಾಂಶಕೋಶದ ಸಂಖ್ಯೆಯ ಜೊತೆಗೆ ಕೈಯಿಂದಲೇ ಒಂದು ಪಟ್ಟಿ ಮಾಡಿಸುತ್ತೇನೆ. ಯಾರು, ಯಾವ ಗ್ರಂಥದ ಎಷ್ಟನೆಯ ಪುಟದಲ್ಲಿ ನಿಮ್ಮನ್ನು ಉಲ್ಲೇಖಿಸಿದ್ದಾರೆ, ಒಪ್ಪಿದ್ದಾರೆಯೇ, ತಿದ್ದಿದ್ದಾರೆಯೇ, ನಿಮ್ಮ ಆಕರವನ್ನಷ್ಟೇ ಎತ್ತಿಕೊಂಡಿದ್ದಾರೆಯೇ ಎಂಬುದಕ್ಕೆ ಒಂದೊಂದು ಸಾಲು. ಆ ಪುಟಗಳ ಜೆರಾಕ್ಸ್ ಪ್ರತಿಗಳನ್ನೂ ಲಗತ್ತಿಸಿದರೆ, ವಿಷಯ ಬಲ್ಲ ಸದಸ್ಯರೊಬ್ಬರು ಸಮಿತಿಯಲ್ಲಿದ್ದರೂ ಸಾಕು, ಅವರಿಗೆ ಓದಿ ನಿರ್ಣಯಿಸಲು ಏನಾದರೂ ಸಿಗುತ್ತದೆ.