ಬ್ರೇಕ್ ಪೆಡಲ್ ಮೆತ್ತಗಾದಾಗ

ನಮ್ಮ ಹಳೆಯ ಮಾರುತಿ 800ರ ಬ್ರೇಕ್ ಒಂದು ಬೆಳಿಗ್ಗೆ ಮೆತ್ತಗಾಗಿತ್ತು. ಒತ್ತಿದರೆ ಒದ್ದೆ ಹಾಸಿಗೆಯ ಮೇಲೆ ಕಾಲಿಟ್ಟ ಹಾಗೆ. ಎರಡು ಸಲ ಪಂಪ್ ಮಾಡಿದರೆ ಗಟ್ಟಿ. ‘ಪಂಪ್ ಮಾಡಿದ್ರೆ ಹಿಡಿಯುತ್ತಲ್ಲ’ ಅಂತ ಎಷ್ಟೋ ಜನ ಹಾಗೇ ಓಡಿಸುತ್ತಾರೆ. ದಯವಿಟ್ಟು ಬೇಡ. ಅಡ್ಡ ಬಂದ ಮಗು ನೀವು ಎರಡನೇ ಸಲ ಒತ್ತುವವರೆಗೆ ಕಾಯುವುದಿಲ್ಲ.

ಸೂಜಿಯಿಲ್ಲದ ಸಿರಿಂಜಿಗೆ ನೀರು ತುಂಬಿ, ಬಾಯಿಗೆ ಬೆರಳು ಅಡ್ಡ ಹಿಡಿದು ಒತ್ತಿ ನೋಡಿ. ಅಲುಗಾಡುವುದೇ ಇಲ್ಲ. ನೀರು ಚೆಲ್ಲಿ ಗಾಳಿ ತುಂಬಿ ಒತ್ತಿದರೆ ಸ್ಪ್ರಿಂಗಿನಂತೆ ಹೋಗಿ ಬರುತ್ತದೆ. ಬ್ರೇಕ್ ಆಯಿಲ್ ಕೂಡ ನೀರಿನ ಹಾಗೇ, ಕುಗ್ಗುವುದಿಲ್ಲ. ಅದಕ್ಕೇ ಕಾಲಿನ ಒತ್ತಡ ಪೈಪಿನುದ್ದಕ್ಕೂ ಹೋಗಿ ಚಕ್ರ ಮುಟ್ಟುತ್ತದೆ. ನಡುವೆ ಗಾಳಿ ಸೇರಿತೋ, ನೀವು ಒತ್ತಿದ್ದು ಗುಳ್ಳೆ ಕುಗ್ಗಿಸುವುದಕ್ಕೇ ಖರ್ಚಾಗುತ್ತದೆ.

ಆದರೆ ಮೆತ್ತಗಾಗುವುದರಲ್ಲೂ ಬಗೆಗಳಿವೆ. ಗಾಡಿ ನಿಲ್ಲಿಸಿ ಅರ್ಧ ನಿಮಿಷ ಪೆಡಲ್ ಒತ್ತಿ ಹಿಡಿಯಿರಿ. ಮೆಲ್ಲಗೆ ತಳಕ್ಕೆ ಇಳಿಯುತ್ತಾ ಹೋದರೆ ಎಲ್ಲೋ ಸೋರುತ್ತಿದೆ. ಡಬ್ಬಿಯಲ್ಲಿ ಆಯಿಲ್ ಕಡಿಮೆಯಾಗಿಲ್ಲ, ಹೊರಗೆಲ್ಲೂ ಒದ್ದೆಯಿಲ್ಲ ಅಂದರೆ ಪೆಡಲ್ ಒತ್ತಿದಾಗ ಆಯಿಲನ್ನು ಪೈಪಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸೀಲ್ ಮೇಲೆ ಅನುಮಾನ ಪಡಬೇಕು. ಮೊದಲ ಸಲ ಆಳಕ್ಕೆ ಹೋಗಿ, ಎರಡನೇ ಸಲಕ್ಕೆ ಮೇಲೇ ಕಲ್ಲಿನಂತೆ ನಿಂತರೆ ಹಿಂದಿನ ಚಕ್ರದ ಡ್ರಮ್ಮಿನಲ್ಲಿ, ಅದರ ಒಳಗೋಡೆಗೆ ಉಜ್ಜಿ ಚಕ್ರ ನಿಲ್ಲಿಸುವ ಶೂ ಸವೆದು ನಡುವಿನ ಗ್ಯಾಪ್ ಜಾಸ್ತಿಯಾಗಿರಬಹುದು. ಪಂಪ್ ಮಾಡಿದ ಮೇಲೂ ಸ್ವಲ್ಪ ಪುಟಿಯುತ್ತಿದ್ದರೆ ಗಾಳಿ. ಕಾಲಿನ ಒತ್ತಡಕ್ಕೆ ಇಂಜಿನ್ನಿನ ನೆರವು ಸೇರಿಸುವ ಬೂಸ್ಟರ್ ಇರುವ ಕಾರಿನಲ್ಲಿ, ಪೆಡಲ್ ಒತ್ತಿ ಹಿಡಿದು ಇಂಜಿನ್ ಸ್ಟಾರ್ಟ್ ಮಾಡಿದಾಗ ಒಂದಿಷ್ಟು ಕೆಳಗಿಳಿಯುವುದು ಸಹಜ. ಅದಕ್ಕೆ ಹೆದರಬೇಡಿ.

ಊರಲ್ಲಿ ಸರಿಯಿದ್ದು ಘಾಟಿ ಇಳಿಯುವಾಗ ಮಾತ್ರ ಮೆತ್ತಗಾಗುವುದು ಇನ್ನೊಂದು ಬಗೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಡಾಟ್ 3 ಎಂಬ ದರ್ಜೆಯ ಹೊಸ ಬ್ರೇಕ್ ಆಯಿಲ್ 205 ಡಿಗ್ರಿ ಸೆಲ್ಸಿಯಸ್‌ವರೆಗಾದರೂ ಕುದಿಯಬಾರದು. ನೂರಕ್ಕೆ ನಾಲ್ಕು ಪಾಲಿನಷ್ಟು ನೀರು ಸೇರಿದರೆ 140ರ ಆಸುಪಾಸಿನಲ್ಲೇ ಕುದಿಯಬಹುದು. ಆಗುಂಬೆಯ ತಿರುವುಗಳಲ್ಲಿ ಬ್ರೇಕ್ ಮೇಲೇ ಕಾಲಿಟ್ಟು ಇಳಿದರೆ ಆಯಿಲ್ ಕುದಿದು ಆವಿಯ ಗುಳ್ಳೆ ಏಳುತ್ತದೆ. ಕೆಳಗಿಳಿದು ತಣಿಸಿದರೆ ಪೆಡಲ್ ಮತ್ತೆ ಗಟ್ಟಿ! ಹಾಗಾಗಿ ಜನ ಮರೆತುಬಿಡುತ್ತಾರೆ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ, ಘಾಟಿಯಲ್ಲಿ ಸೆಕೆಂಡ್ ಗೇರಿನಲ್ಲಿ ಇಳಿಯಿರಿ.

ನಮ್ಮ ಕಾರಿನಲ್ಲಿ ಹಿಂದಿನ ಎಡಚಕ್ರದ ಒಳಬದಿ ಒದ್ದೆಯಾಗಿತ್ತು. ಚಕ್ರದಲ್ಲಿ ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಕಪ್ ಸವೆದಿತ್ತು. ಅದನ್ನು ಬದಲಿಸಿ ಏರ್ ತೆಗೆಯಲು ಕೂತೆವು. ನಾನು ಪೆಡಲ್ ಒತ್ತಿ ಹಿಡಿದೆ, ಮೆಕ್ಯಾನಿಕ್ ಚಕ್ರದ ಬಳಿ ಆಯಿಲ್ ಹೊರಬಿಡುವ ನಿಪ್ಪಲ್ ಸಡಿಲಿಸಿದರು. ಬಾಟಲಿಗಿಳಿಸಿದ ಪಾರದರ್ಶಕ ಪೈಪಿನಲ್ಲಿ ಕಾಫಿ ಬಣ್ಣದ ಆಯಿಲ್, ಅದರ ನಡುನಡುವೆ ಸಾಸಿವೆಯಷ್ಟು ಗುಳ್ಳೆಗಳು. ಅವರು ನಿಪ್ಪಲ್ ಬಿಗಿ ಮಾಡಿ ‘ಬಿಡಿ ಸಾರ್’ ಅಂದ ಮೇಲೇ ನಾನು ಕಾಲು ತೆಗೆಯಬೇಕು, ಇಲ್ಲದಿದ್ದರೆ ಗಾಳಿ ವಾಪಸ್ ಒಳಗೆ. ಏಳನೇ ಸಲಕ್ಕೆ ಗುಳ್ಳೆ ನಿಂತವು. ಪೆಡಲ್ ಮೇಲೇ ಗಟ್ಟಿಯಾಗಿ ನಿಂತಿತು.