ಎಫ್‌ಸಿಗೆ ಮೊದಲು ಬಾನೆಟ್‌ನ ಕೊಕ್ಕೆ ನೋಡಿ

ಎಫ್‌ಸಿ, ಅಂದ್ರೆ ಗಾಡಿ ಓಡಿಸಲು ಯೋಗ್ಯ ಅನ್ನುವ ಫಿಟ್‌ನೆಸ್ ಸರ್ಟಿಫಿಕೇಟಿನ ತಪಾಸಣೆ, ಹತ್ತಿರ ಬಂತು ಅಂದ್ರೆ ನಮ್ಮ ತೀರ್ಥಹಳ್ಳಿ, ಹೊಸನಗರ ಕಡೆ ಮೊದಲು ಶುರುವಾಗುವುದು ಟಿಂಕರಿಂಗ್ ಕೆಲಸ. ಬಾನೆಟ್ ಮೇಲಿನ ತಗ್ಗಿಗೆ ಪುಟ್ಟಿ ಹಾಕಿ, ಉಜ್ಜಿ, ಪೇಂಟ್ ಹೊಡೆಸಿದರೆ ಗಾಡಿ ಪಾಸು ಅಂತ ನಂಬಿಕೆ. ನನ್ನ ಕೇಳಿದರೆ ಆ ತಗ್ಗು ಹಾಗೇ ಇದ್ದರೂ ಅಂಥ ನಷ್ಟವಿಲ್ಲ. ನೋಡಬೇಕಾದ್ದು ಒಳಗಿನ ಲಾಕು, ಜೊತೆಗಿರುವ ಸಣ್ಣ ಕೊಕ್ಕೆ.

ಬಾನೆಟ್‌ಗೆ ಎರಡು ಹಿಡಿತ ಇರುತ್ತದೆ. ಸೀಟಿನ ಹತ್ತಿರದ ಲಿವರ್ ಎಳೆದರೆ ಮೊದಲನೆಯದು ಬಿಡುತ್ತದೆ, ಬಾನೆಟ್ ಎರಡು ಬೆರಳಿನಷ್ಟು ಮೇಲೇಳುತ್ತದೆ. ಅಲ್ಲಿ ಅದನ್ನು ತಡೆದು ನಿಲ್ಲಿಸುವುದು ಎರಡನೆಯ ಕೊಕ್ಕೆ. ಓಡುವಾಗ ಲಾಕು ಬಿಟ್ಟುಹೋದರೆ ನಿಮ್ಮನ್ನು ಕಾಯುವುದು ಇದೊಂದೇ.

ಗಾಳಿಯ ಒತ್ತಡ ವೇಗದ ಜೊತೆ ಸಮನಾಗಿ ಏರುವುದಿಲ್ಲ; ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಒಂದು ಚದರ ಮೀಟರ್ ತಗಡನ್ನು ಗಾಳಿಗೆ ಎದುರು ಹಿಡಿದರೆ, 40 ಕಿ.ಮೀ. ವೇಗದಲ್ಲಿ ಸುಮಾರು 7–8 ಕೆ.ಜಿ. ಭಾರದಷ್ಟು ತಳ್ಳು ಬೀಳುತ್ತದೆ, 80ರಲ್ಲಿ ಸುಮಾರು 30 ಕೆ.ಜಿ. ಬಾನೆಟ್ ಮಲಗಿದ್ದಾಗ ಇಷ್ಟು ಇರುವುದಿಲ್ಲ, ನಿಜ. ಆದರೆ ಗ್ರಿಲ್‌ನಿಂದ ನುಗ್ಗಿದ ಗಾಳಿ ಕೆಳಗಿನಿಂದ ಒತ್ತುತ್ತಿರುತ್ತದೆ, ಸ್ವಲ್ಪ ಎದ್ದರೆ ಸಾಕು ಇನ್ನಷ್ಟು ಗಾಳಿ ಸಿಗುತ್ತದೆ, ಆಮೇಲೆ ಒಂದೇ ಏಟಿಗೆ ಗ್ಲಾಸಿಗೆ ಬಡಿಯುತ್ತದೆ. ಹಾಗಾಗಿ ಆಗುಂಬೆ ಘಾಟಿಯ ತಿರುವುಗಳಲ್ಲಿ ಬರೀ ಗಡಗಡ ಅನ್ನುವ ಸಡಿಲ ಲಾಕು, ಸಾಗರ ಪೇಟೆ ಕಡೆಯ ನೇರ ರಸ್ತೆಯಲ್ಲಿ ಕೈಕೊಡಬಹುದು.

ಕೊಕ್ಕೆ ಹಾಳಾಗುವುದು ಯಾಕೆ? ತುಕ್ಕು, ಒಣಗಿದ ಗ್ರೀಸು, ಕೆಂಪು ಮಣ್ಣು. ಆಗುಂಬೆಗೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಆದರೂ ಬಿದ್ದು ಹರಿದುಹೋಗುವ ನೀರಿಗಿಂತ ಆರದೆ ಉಳಿಯುವ ತೇವವೇ ಕಬ್ಬಿಣಕ್ಕೆ ದೊಡ್ಡ ಶತ್ರು. ಗಾಳಿಯ ತೇವಾಂಶ ಸುಮಾರು 60 ಶೇಕಡಾ ದಾಟಿದರೆ ತುಕ್ಕಿಗೆ ಬಲ ಬರುತ್ತದೆ, ಮಳೆಗಾಲದಲ್ಲಿ ನಮ್ಮಲ್ಲಿ ಅದಕ್ಕಿಂತ ಕಡಿಮೆ ಇರುವ ದಿನ ಸಿಗುವುದೇ ಕಷ್ಟ ಅಲ್ವಾ? ದಿನಾ ಓಡುವ ಗಾಡಿಯಲ್ಲಿ ಎಂಜಿನ್ ಶಾಖಕ್ಕೆ ಬಾನೆಟ್ ಆರುತ್ತದೆ. ಶೆಡ್ಡಿನಲ್ಲಿ ಸುಮ್ನೆ ನಿಂತ ಗಾಡಿಗೆ ಆ ಭಾಗ್ಯವಿಲ್ಲ.

ಬಾನೆಟ್ ಅಂಚನ್ನು ಒಮ್ಮೆ ಬೆರಳಾಡಿಸಿ ನೋಡಿ. ಲಂಗದ ಅಂಚು ಮಡಿಚಿ ಹೊಲಿದ ಹಾಗೆ, ಮೇಲಿನ ತಗಡನ್ನು ಒಳಗಿನ ತಗಡಿನ ಮೇಲೆ ಮಡಿಚಿರುತ್ತಾರೆ. ನೀರು ಸೇರುವುದು ಆ ಸಂದಿಗೆ. ತುಕ್ಕು ಕಬ್ಬಿಣಕ್ಕಿಂತ ಎಷ್ಟೋ ಜಾಸ್ತಿ ಜಾಗ ಹಿಡಿಯುತ್ತದೆ, ಅದಕ್ಕೇ ಪೇಂಟ್ ಗುಳ್ಳೆ ಏಳುವುದು. ಗುಳ್ಳೆಯ ಮೇಲೆ ಪುಟ್ಟಿ ಮೆತ್ತಿದರೆ ಒಳಗೆ ತುಕ್ಕು ತನ್ನ ಪಾಡಿಗೆ ತಿನ್ನುತ್ತಲೇ ಇರುತ್ತದೆ. ಹಳೇ ಗಾಡಿ ಕೊಳ್ಳುವವರು ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಳ್ಳಿ. ಪುಟ್ಟಿ ದಪ್ಪವಿದ್ದಲ್ಲಿ ಅದು ಹಿಡಿಯುವುದಿಲ್ಲ. (ಅಲ್ಯೂಮಿನಿಯಂ ಬಾನೆಟ್ ಆದರೆ ಎಲ್ಲೂ ಹಿಡಿಯುವುದಿಲ್ಲ, ಮಾರುವವರ ಜೊತೆ ಜಗಳಕ್ಕೆ ನಿಲ್ಲಬೇಡಿ!)

ಬಾನೆಟ್‌ನ ಹಿಂಜುಗಳನ್ನೂ (ಕೀಲುಗಳನ್ನೂ) ನೋಡಿ. ಡಿಕ್ಕಿಯಾದಾಗ ಬಾನೆಟ್ ನಡುವೆ ಮಡಚಿಕೊಳ್ಳುವ ಹಾಗೆ ಮಾಡಿರುತ್ತಾರೆ. ಹಿಂಜು ತುಕ್ಕು ತಿಂದಿದ್ದರೆ ಅದು ಮಡಚುವ ಬದಲು ಹಿಂದಕ್ಕೆ ಜಾರಿ ಗ್ಲಾಸಿನತ್ತ ನುಗ್ಗಬಹುದು.

ಕೊಕ್ಕೆಯ ಪರೀಕ್ಷೆ ಸುಲಭ. ಲಿವರ್ ಎಳೆದು, ಬಾನೆಟ್ಟನ್ನು ಅಂಗೈಯಿಂದ ಮೇಲೆತ್ತಿ ನೋಡಿ, ಆ ಎರಡು ಬೆರಳಿಗಿಂತ ಹೆಚ್ಚು ಏಳಬಾರದು. ಕೊಕ್ಕೆಯನ್ನು ಬೆರಳಲ್ಲಿ ಸರಿಸಿ ಬಿಟ್ಟರೆ ತಾನಾಗಿಯೇ ಟಕ್ ಅಂತ ಜಾಗಕ್ಕೆ ಬರಬೇಕು. ಬರದಿದ್ದರೆ ಮಣ್ಣು ಕೆರೆದು, ತೊಳೆದು, ಹೊಸ ಗ್ರೀಸ್ ಹಾಕಿ. ಸ್ಪ್ರಿಂಗ್ ಸೋತಿದ್ದರೆ ಬದಲಿಸಿ.

ಸ್ವಂತ ಕಾರಿಗೆ ಎಫ್‌ಸಿ ತಪಾಸಣೆ 15 ವರ್ಷ ತುಂಬಿದಾಗ, ಆಮೇಲೆ 5 ವರ್ಷಕ್ಕೊಮ್ಮೆ. ಯೆಲ್ಲೋ ಬೋರ್ಡ್ ಗಾಡಿಗೆ 8 ವರ್ಷದವರೆಗೆ 2 ವರ್ಷಕ್ಕೊಮ್ಮೆ, ನಂತರ ಪ್ರತಿ ವರ್ಷ. ಆ ದಿನ ಎಂಜಿನ್ ನಂಬರ್, ಚಾಸಿ ನಂಬರ್ ಆರ್‌ಸಿ ಜೊತೆ ತಾಳೆ ನೋಡಬೇಕು, ಅದಕ್ಕೆ ಬಾನೆಟ್ ತೆಗೆಯಲೇಬೇಕು. ಲಿವರ್‌ನಿಂದ ಲಾಕಿಗೆ ಹೋಗುವ ಕೇಬಲ್ ತುಕ್ಕು ಹಿಡಿದು ಬಿಗಿದುಕೊಂಡಿದ್ದರೆ ಎಷ್ಟು ಚಂದದ ಪೇಂಟ್ ಇದ್ದರೂ ಲಿವರ್ ಎಳೆಯುತ್ತಾ ನಿಲ್ಲಬೇಕಾಗುತ್ತದೆ, ಹಾಗಾಗಿ ಕೊಕ್ಕೆಗೆ ಗ್ರೀಸ್ ಹಾಕುವಾಗಲೇ ಕೇಬಲ್ಲಿಗೂ ಎರಡು ಹನಿ ಎಣ್ಣೆ ಬಿಡಿ.